ಕಾವಲುಗಾರನೇ ಸ್ತಬ್ಧನಾದಾಗ: ಡಿಸ್ಕ್ ಪರಿವೀಕ್ಷಣೆಯ ಒಂದು ದೋಷಶೋಧನೆ

ಪ್ರವೇಶ ದಾಖಲೆ, ಅಂಕಪಟ್ಟಿ, ಲೆಕ್ಕಪತ್ರ ಮೊದಲಾದುವೆಲ್ಲ ಇಂದು ಗಣಕಯಂತ್ರದ ಹಾರ್ಡ್ ಡಿಸ್ಕುಗಳಲ್ಲಿ ಸಂಗ್ರಹವಾಗುತ್ತಿವೆ. ಡಿಸ್ಕು ಕೆಟ್ಟರೆ ಹೊಸದನ್ನು ಕೊಳ್ಳಬಹುದು. ಅದರೊಳಗಿನ ದಾಖಲೆಯನ್ನು ಕೊಳ್ಳಲಾಗದು. ಆದಕಾರಣ ಡಿಸ್ಕಿನ ಆರೋಗ್ಯವನ್ನು ಸದಾ ಗಮನಿಸುವ ವ್ಯವಸ್ಥೆ ಅವಶ್ಯಕ. ಆ ವ್ಯವಸ್ಥೆಯೇ ನಿಂತುಹೋದರೆ ಮಾಡತಕ್ಕದ್ದೇನು ಎಂಬುದು ಇಲ್ಲಿಯ ವಿಚಾರ.

ಡಿಸ್ಕುಗಳಲ್ಲಿ ‘ಸ್ಮಾರ್ಟ್’ ಎಂಬ ಸ್ವಪರೀಕ್ಷಾ ಸೌಲಭ್ಯ ಅಡಕವಾಗಿರುತ್ತದೆ. ಕೆಟ್ಟ ಭಾಗಗಳಿಗೆ ಬದಲಾಗಿ ಬಳಸಿದ ಮೀಸಲು ಭಾಗಗಳೆಷ್ಟು ಎಂಬುದನ್ನು ಸಾಮಾನ್ಯವಾಗಿ 5ನೆಯ ಅಂಶವೂ, ಓದಲಾಗದೆ ಬಾಕಿ ಉಳಿದ ಭಾಗಗಳೆಷ್ಟು ಎಂಬುದನ್ನು 197ನೆಯ ಅಂಶವೂ ತಿಳಿಸುತ್ತವೆ. ಬ್ರೂಸ್ ಆಲೆನ್ 2002ರಲ್ಲಿ ಆರಂಭಿಸಿದ ‘ಸ್ಮಾರ್ಟ್‌ಮಾನ್‌ಟೂಲ್ಸ್’ ತಂತ್ರಾಂಶದ ‘ಸ್ಮಾರ್ಟ್‌ಡಿ’ ಸೇವೆಯು, ಬೇರೆ ಸೂಚನೆ ಇಲ್ಲದಿದ್ದರೆ, 30 ನಿಮಿಷಗಳಿಗೊಮ್ಮೆ ಈ ಅಂಶಗಳನ್ನು ಓದಿ, ವ್ಯತ್ಯಾಸ ಕಂಡಲ್ಲಿ ಎಚ್ಚರಿಸುತ್ತದೆ.

ಗಣಕದ ಒಳಗಿನ ಡಿಸ್ಕಿನೊಡನೆ ಈ ಸೇವೆಯ ಸಂಭಾಷಣೆ ನೇರವಾದದ್ದು. ಯುಎಸ್‌ಬಿ ಮೂಲಕ ಜೋಡಿಸಿದ ಡಿಸ್ಕಿನಲ್ಲಾದರೋ ನಡುವೆ ಒಂದು ಸೇತುವೆ ಚಿಪ್ಪು ದುಭಾಷಿಯಂತೆ ನಿಂತಿರುತ್ತದೆ. ಕೆಲವು ಚಿಪ್ಪುಗಳು ಸ್ಮಾರ್ಟ್ ಆಜ್ಞೆಗಳನ್ನು ಸರಿಯಾಗಿ ದಾಟಿಸಲಾರವು. ಕೆಲವು ಆಜ್ಞೆ ಬಂದೊಡನೆ ಮರಗಟ್ಟುತ್ತವೆ. ಉತ್ತರ ಬಾರದಿರಲು ಸೇವೆ ಕಾಯುತ್ತಲೇ ಉಳಿಯುತ್ತದೆ. ಅದು ಡಿಸ್ಕುಗಳನ್ನು ಒಂದಾದ ಮೇಲೊಂದರಂತೆ ಪರೀಕ್ಷಿಸುವುದರಿಂದ ಒಳಗಿನ ಡಿಸ್ಕುಗಳೂ ಕಾವಲಿಲ್ಲದಾಗುತ್ತವೆ. ಅಪಾಯದ ಮರ್ಮವಿರುವುದು ಇಲ್ಲಿಯೇ.

ದೋಷಶೋಧನೆ ಕ್ರಮಬದ್ಧವಾಗಿರಬೇಕು. ಮೊದಲನೆಯದಾಗಿ, ಮುಖ್ಯ ದಾಖಲೆಗಳ ಪ್ರತಿ ತೆಗೆದಿರಿಸತಕ್ಕದ್ದು. ಎರಡನೆಯದಾಗಿ, ‘ಪಿಎಸ್’ ಆಜ್ಞೆಯಿಂದ ಸೇವೆಯ ಸ್ಥಿತಿಯನ್ನು ನೋಡಬೇಕು. ಅದು ಬಹಳ ಹೊತ್ತು ‘ಡಿ’ ಸ್ಥಿತಿಯಲ್ಲಿಯೇ ಇದ್ದರೆ ಸಾಧನದ ಉತ್ತರಕ್ಕಾಗಿ ಕಾಯುತ್ತಿದೆ ಎಂದು ಊಹಿಸಬಹುದು. ಆಗ ಬಲವಂತದ ನಿಲುಗಡೆಯೂ ಸಾಮಾನ್ಯವಾಗಿ ಫಲಿಸದು. ‘ಡಿಮೆಸೇಜ್’ ದಾಖಲೆಯಲ್ಲಿ ಯುಎಸ್‌ಬಿ ಸಾಧನ ಮತ್ತೆ ಮತ್ತೆ ರೀಸೆಟ್ ಆದ ಉಲ್ಲೇಖವಿದ್ದರೆ ಸಂದೇಹ ಬಲಗೊಳ್ಳುತ್ತದೆ. ಮೂರನೆಯದಾಗಿ, ಬಾಹ್ಯ ಡಿಸ್ಕುಗಳನ್ನು ವಿಧಿಪೂರ್ವಕ ಕಳಚಿ, ಸೇವೆಯನ್ನು ಪುನಃ ಆರಂಭಿಸಿ, ಒಂದೊಂದನ್ನೇ ಜೋಡಿಸುತ್ತ ಹೋದರೆ ದೋಷಕಾರಿ ಯಾವುದೆಂದು ತಿಳಿಯುತ್ತದೆ. ನಾಲ್ಕನೆಯದಾಗಿ, ಕೇಬಲ್, ಹಬ್ ಹಾಗೂ ವಿದ್ಯುತ್ ಪೂರೈಕೆಯನ್ನು ಬದಲಿಸಿ ನೋಡಬೇಕು. ಯುಎಸ್‌ಬಿ 2.0 ನಿಯಮದಂತೆ ಒಂದು ಪೋರ್ಟು ನೀಡುವುದು 500 ಮಿಲಿ ಆಂಪಿಯರ್ ಮಾತ್ರ. ತಿರುಗುವ ಡಿಸ್ಕಿಗೆ ಅದು ಸಾಲದೆ ಹೋಗಬಹುದು.

ಚಿಪ್ಪೇ ಕಾರಣವೆಂದು ಖಚಿತವಾದರೆ ‘ಸ್ಮಾರ್ಟ್‌ಸಿಟಿಎಲ್’ ಆಜ್ಞೆಯಲ್ಲಿ ಸಾಧನದ ಬಗೆಯನ್ನು ‘ಸ್ಯಾಟ್’ ಎಂದೂ, ಅದು ಫಲಿಸದಿದ್ದರೆ ‘ಸ್ಯಾಟ್,12’ ಎಂದೂ ಸ್ಪಷ್ಟವಾಗಿ ಸೂಚಿಸಿ ಪರೀಕ್ಷಿಸಬೇಕು. ಸರಿಹೊಂದಿದ ಬಗೆಯನ್ನು ಸೇವೆಯ ಸಂರಚನಾ ಕಡತದಲ್ಲಿ ಬರೆಯಬೇಕು. ಯಾವುದೂ ಹೊಂದದಿದ್ದರೆ, ಎಲ್ಲ ಡಿಸ್ಕುಗಳನ್ನು ತಾನೇ ಹುಡುಕುವ ‘ಡಿವೈಸ್‌ಸ್ಕ್ಯಾನ್’ ಸಾಲಿಗೆ ಮೊದಲೇ ಆ ಡಿಸ್ಕನ್ನು ‘ಇಗ್ನೋರ್’ ಎಂದು ನಮೂದಿಸಬೇಕು. ಜೋಡಣೆಯ ಕ್ರಮದಂತೆ ‘ಎಸ್‌ಡಿಎ’, ‘ಎಸ್‌ಡಿಬಿ’ ಹೆಸರುಗಳು ಅದಲುಬದಲಾಗಬಹುದಾದ್ದರಿಂದ ‘ಬೈ-ಐಡಿ’ ಎಂಬ ಸ್ಥಿರನಾಮವನ್ನು ಬಳಸುವುದು ಲೇಸು. ಒಂದು ಡಿಸ್ಕನ್ನು ಬಿಟ್ಟು ಉಳಿದೆಲ್ಲವನ್ನೂ ಕಾಯುವುದು, ಎಲ್ಲವನ್ನೂ ಕಾಯಹೋಗಿ ಯಾವುದನ್ನೂ ಕಾಯದಿರುವುದಕ್ಕಿಂತ ಮೇಲು.

ಎಚ್ಚರಿಕೆ ಬಾರದಿದ್ದ ಮಾತ್ರಕ್ಕೆ ಡಿಸ್ಕು ಆರೋಗ್ಯವಾಗಿದೆ ಎಂದು ಭಾವಿಸಲಾಗದು. ಎಚ್ಚರಿಸಬೇಕಾದ ಸೇವೆಯೇ ನಿಂತಿರಬಹುದು. ‘ಎಂ ಟೆಸ್ಟ್’ ಸೂಚನೆಯಿಂದ ಪರೀಕ್ಷಾ ಸಂದೇಶ ಕಳುಹಿಸಿ ಆಗಾಗ್ಗೆ ಖಚಿತಪಡಿಸಿಕೊಳ್ಳಬೇಕು. ಸೇವೆ ಸರಿಯಿದ್ದರೂ ಅದಕ್ಕೊಂದು ಮಿತಿಯುಂಟು. ಗೂಗಲ್ ಸಂಸ್ಥೆಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ವಿಫಲವಾದ ಡಿಸ್ಕುಗಳಲ್ಲಿ ಶೇಕಡಾ 56ಕ್ಕಿಂತ ಹೆಚ್ಚಿನವು ನಾಲ್ಕು ಪ್ರಬಲ ಸ್ಮಾರ್ಟ್ ಲಕ್ಷಣಗಳಲ್ಲಿ ಒಂದನ್ನೂ ತೋರಿರಲಿಲ್ಲ. ಆದುದರಿಂದ ಕಾವಲಿನ ಜೊತೆಗೆ ಬೇರೆಡೆ ಸುರಕ್ಷಿತವಾದ ಇನ್ನೊಂದು ಪ್ರತಿಯೂ ಇರತಕ್ಕದ್ದು.