ಕಣ್ಣು ಕೊಟ್ಟವರಿಗೆ ಅಂತ್ಯಸಂಸ್ಕಾರ ಅಪೂರ್ಣವೇ?

ಪ್ರಶ್ನೆ: ನಮ್ಮ ಮೂಲ ಊರು ಸಿಂಧನೂರು ತಾಲೂಕಿನ ಮುಕ್ಕುಂದ. ನಾವಿರೋದು ಬೆಂಗಳೂರಲ್ಲಿ. 72 ವರ್ಷದ ತಂದೆಯವರು ನೇತ್ರದಾನ, ಅಂಗಾಂಗ ದಾನಕ್ಕೆ ಹೆಸರು ಬರೆಸಿದ್ದಾರೆ. ಊರಲ್ಲಿರುವ ಸೋದರತ್ತೆ, “ಕಣ್ಣಿಲ್ಲದ ಕಳಿಸಿದ್ರ ಮುಂದಿನ ಜನ್ಮಕ್ಕ ಕುರುಡಾಗಿ ಹುಟ್ತಾನ, ಕರ್ಮ ಮಾಡಿದ್ರೂ ಮುಟ್ಟೂದಿಲ್ಲ” ಅಂತಾರೆ. ದೊಡ್ಡಪ್ಪ ತೀರಿಕೊಂಡಾಗಲೂ ಹೀಗೇ ಆಯ್ತು. ಅವರೂ ಬರೆದುಕೊಟ್ಟಿದ್ದರು, ಮನೆಯವರೆಲ್ಲ ವಾದ ಮಾಡುತ್ತಲೇ ಹೊತ್ತು ಮೀರಿತು. ಶಾಸ್ತ್ರ ಏನು ಹೇಳುತ್ತೆ?

ಉತ್ತರ: ನಿಮ್ಮ ಅತ್ತೆಯವರದು ಅಣ್ಣನ ಮೇಲಿನ ಮಮತೆಯಿಂದ ಬಂದ ಭಯ. ಅದನ್ನು ಹಗುರವಾಗಿ ತಳ್ಳಿಹಾಕಬೇಡಿ, ಶಾಸ್ತ್ರದಿಂದಲೇ ಸಮಾಧಾನ ಹೇಳಿ.

ದಹನವಾದ ಮೇಲೆ ಯಾರ ಕಣ್ಣೂ ಉಳಿಯುವುದಿಲ್ಲ. ಹಾಗಾದರೆ ಮುಂದಿನ ಯಾತ್ರೆಗೆ ಅಂಗಗಳು ಎಲ್ಲಿಂದ ಬರುತ್ತವೆ? ಗರುಡ ಪುರಾಣದ ಪ್ರಕಾರ, ಹತ್ತು ದಿನ ಮಕ್ಕಳು ಇಡುವ ಪಿಂಡಗಳಿಂದ. ಮೊದಲ ಪಿಂಡದಿಂದ ತಲೆ, ಮುಂದಿನವುಗಳಿಂದ ಉಳಿದ ಅಂಗಗಳು. ದೇಹವೇ ಸಿಗದೆ ಹೋದವರಿಗೂ ದರ್ಭೆ, ಮುತ್ತುಗದಿಂದ ಪ್ರತಿಕೃತಿ ಮಾಡಿ ಸಂಸ್ಕಾರ ಮಾಡುವ ವಿಧಿ ಇದೆ. ದೇಹ ಪೂರ್ತಿ ಇಲ್ಲದಿದ್ದರೂ ಕರ್ಮ ಸಲ್ಲುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕೇ? ಇನ್ನು ಕುರುಡು ಹುಟ್ಟಿನ ಮಾತು. ದಾನದ ಫಲ ಪುಣ್ಯವೇ ಹೊರತು ಪಾಪವಲ್ಲ. ಬೆನ್ನೆಲುಬು ಕೊಟ್ಟ ದಧೀಚಿಯನ್ನು, ಮಾಂಸ ಕೊಯ್ದುಕೊಟ್ಟ ಶಿಬಿಯನ್ನು ನಾವು ಇಂದಿಗೂ ಸ್ಮರಿಸುತ್ತೇವೆ. ಶಿವನಿಗೆ ಕಣ್ಣು ಕಿತ್ತುಕೊಟ್ಟ ಬೇಡರ ಕಣ್ಣಪ್ಪನಂತೂ ನಮ್ಮವನೇ. 1954ರಲ್ಲಿ ಆ ಪಾತ್ರದಿಂದ ನಾಯಕನಟರಾದ ಡಾ. ರಾಜ್‌ಕುಮಾರ್ 2006ರಲ್ಲಿ ನಿಧನರಾದಾಗ ಅವರ ಕಣ್ಣುಗಳನ್ನೂ ದಾನ ಮಾಡಲಾಯಿತು. 2021ರ ಅಕ್ಟೋಬರ್ 29ರಂದು ಅಗಲಿದ ಮಗ ಪುನೀತ್ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು.

ಈಗ ಮನೆಯವರೆಲ್ಲ ತಿಳಿದಿರಬೇಕಾದ ವಿಷಯ. ಸಹಜವಾಗಿ ಮನೆಯಲ್ಲೇ ಸಾವಾದರೆ ಸಾಮಾನ್ಯವಾಗಿ ಕಣ್ಣು ಕೊಡಬಹುದು, ಅದೂ ಆರು ಗಂಟೆಯೊಳಗೆ. ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ, ತಲೆ ಸ್ವಲ್ಪ ಎತ್ತರದಲ್ಲಿರಲಿ. ನೇತ್ರ ಬ್ಯಾಂಕಿನವರು ಬಂದರೆ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಮುಖ ವಿಕಾರವಾಗುವುದಿಲ್ಲ. ಆಮೇಲೆ ಸ್ನಾನ, ವಿಭೂತಿ ಅಥವಾ ಗೋಪೀಚಂದನ, ದಹನವೋ ಸಮಾಧಿಯೋ, ಎಲ್ಲವೂ ನಿಮ್ಮ ಪದ್ಧತಿಯಂತೆಯೇ. ಅಸ್ಥಿಯನ್ನು ಊರಿನ ತುಂಗಭದ್ರೆಯಲ್ಲೇ ಬಿಡಿ, ಯಾವ ಅಡ್ಡಿಯೂ ಇಲ್ಲ.

ಹೃದಯ, ಯಕೃತ್ತು, ಮೂತ್ರಪಿಂಡಗಳ ದಾನ ಬೇರೆ. ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಮೆದುಳು ಸತ್ತಾಗ ಮುಖ್ಯವಾಗಿ ಅದು ಸಾಧ್ಯ. 1994ರ ಕಾಯ್ದೆಯಂತೆ ನಾಲ್ವರು ವೈದ್ಯರ ಮಂಡಳಿ, ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ದೃಢಪಡಿಸಬೇಕು. ಯಂತ್ರದಿಂದ ಎದೆ ಏರಿಳಿಯುತ್ತಿದ್ದರೂ ಜೀವ ಮರಳುವುದಿಲ್ಲ. ಸಾವೆಂದು ಘೋಷಿಸಿದ ಸಮಯವನ್ನು ಬರೆದಿಟ್ಟುಕೊಂಡು ಪುರೋಹಿತರಿಗೆ ತಿಳಿಸಿ, ಸೂತಕದ ದಿನ ಎಣಿಸಲು ಬೇಕಾಗುತ್ತದೆ. ಒಬ್ಬರಿಂದ ಎಂಟು ಜನರವರೆಗೂ ಬದುಕಬಹುದು. ನಟ ಸಂಚಾರಿ ವಿಜಯ್ ಅಪಘಾತದಲ್ಲಿ ಹೀಗಾದಾಗ, 2021ರ ಜೂನ್‌ನಲ್ಲಿ ಮನೆಯವರು ಆ ದುಃಖದಲ್ಲೂ ಒಪ್ಪಿಗೆ ಕೊಟ್ಟರು.

ಈ ಒಪ್ಪಿಗೆಯೇ ಮುಖ್ಯ. ತಂದೆಯವರು ಹೆಸರು ಬರೆಸಿದ್ದರೂ ಆ ಗಳಿಗೆಯಲ್ಲಿ ಮನೆಯವರು ಹೂಂ ಅನ್ನದಿದ್ದರೆ ದಾನ ನಡೆಯುವುದಿಲ್ಲ. ದೊಡ್ಡಪ್ಪನವರ ವಿಷಯದಲ್ಲಿ ಕೈಕೊಟ್ಟದ್ದು ಶಾಸ್ತ್ರವಲ್ಲ, ಮೊದಲೇ ಮಾತಾಡದೆ ಇದ್ದದ್ದು. ಮುಂದಿನ ಹಬ್ಬಕ್ಕೆ ಮುಕ್ಕುಂದಕ್ಕೆ ಹೋದಾಗ ತಂದೆಯವರೇ ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತಮ್ಮ ಆಸೆ ಹೇಳಲಿ. ಊರಿಗೂ ಬೆಂಗಳೂರಿಗೂ ಹತ್ತಿರದ ನೇತ್ರ ಬ್ಯಾಂಕುಗಳ ನಂಬರನ್ನು ಈಗಲೇ ವಿಚಾರಿಸಿ, ದೇವರ ಮನೆಯ ಕ್ಯಾಲೆಂಡರ್ ಮೇಲೆ ಬರೆದಿಡಿ. ರಾಜ್ಯದಲ್ಲಿ ಅಂಗಾಂಗ ದಾನ ನೋಡಿಕೊಳ್ಳುವುದು ಸರ್ಕಾರದ ‘ಜೀವಸಾರ್ಥಕತೆ’ ಸಂಸ್ಥೆ.

ದೊಡ್ಡಪ್ಪನವರ ಶ್ರಾದ್ಧದ ದಿನ, ಅವರ ಹೆಸರಲ್ಲಿ ನೀವೂ ನೋಂದಾಯಿಸಿಕೊಳ್ಳಿ. ಅವರ ಆಸೆಯನ್ನು ನೀವು ಮುಂದುವರಿಸಿದಂತಾಗುತ್ತದೆ.