ಫೂಟಿ ಪಾಠ: ಆಗದೇ ಹೋದ ಟ್ರೇಡ್‌ಗಳು



ಮೆಲ್ಬರ್ನ್‌ಗೆ ಬಂದ ಹೊಸತರಲ್ಲಿ ಆಫೀಸಿನಲ್ಲಿ ನನ್ನನ್ನು ಮೊದಲು ಕೇಳಿದ್ದು "ಯಾವ ಊರು?" ಅಂತ ಅಲ್ಲ, "ಯಾರಿಗೆ ಬ್ಯಾರಕ್ ಮಾಡ್ತೀಯ?" ಅಂತ. ಬ್ಯಾರಕ್ ಮಾಡುವುದು ಅಂದರೆ ಇಲ್ಲಿನ ಮಾತಿನಲ್ಲಿ ಒಂದು ಫೂಟಿ ತಂಡವನ್ನು ನಮ್ಮದು ಅಂತ ಹಚ್ಚಿಕೊಳ್ಳುವುದು. "ಇನ್ನೂ ಯಾರಿಗೂ ಇಲ್ಲ" ಅಂದೆ. ಗೋತ್ರ ಗೊತ್ತಿಲ್ಲದ ವರನನ್ನು ನೋಡುವ ಹಾಗೆ ನೋಡಿದರು!

ಆ ಕೊರತೆ ನೀಗಿದ್ದು ಪಕ್ಕದ ಮನೆಯ ಅಜ್ಜನಿಂದ. ವಯಸ್ಸು ಎಪ್ಪತ್ತರ ಹತ್ತಿರ, ಹುಟ್ಟಿದಾಗಿನಿಂದ ಸೇಂಟ್ ಕಿಲ್ಡಾ ಅಭಿಮಾನಿ. ನನ್ನ ಮಗಳ ಏಳನೇ ಹುಟ್ಟುಹಬ್ಬಕ್ಕೆ ಕೆಂಪು, ಬಿಳಿ, ಕಪ್ಪು ಬಣ್ಣದ ಮಫ್ಲರ್ ಕೊಟ್ಟರು. ಅಲ್ಲಿಗೆ ನಮ್ಮದೂ ಸೇಂಟ್ ಕಿಲ್ಡಾ ಮನೆಯಾಯಿತು. ಪ್ರತಿ ಅಕ್ಟೋಬರ್‌ನಲ್ಲಿ ಈ ಅಜ್ಜ ಬೇಲಿಯ ಆಚೆ ನಿಂತು, ಯಾರ ಮಾತು ಬಂದರೂ ಕೊನೆಗೆ ಒಂದೇ ಹೆಸರಿಗೆ ಬಂದು ನಿಲ್ಲುತ್ತಾರೆ: ಲೂಕ್ ಬಾಲ್. "ಅಪ್ಪ, ಲೂಕ್ ಬಾಲ್ ಅಂದ್ರೆ ತಾತಂಗೆ ಯಾಕೆ ಅಷ್ಟು ಬೇಜಾರು?" ಅಂತ ಮಗಳು ಕೇಳಿದಳು. ಅವಳಿಗೆ ಉತ್ತರ ಹೇಳಲು ನಾನು ಓದಿಕೊಂಡದ್ದೇ ಈ ಲೇಖನ. ಶಾಲೆಯಿಂದ ಮಕ್ಕಳು "ಟ್ರೇಡ್, ಟ್ರೇಡ್" ಅಂತ ಬಂದಾಗ ಪಿಳಿಪಿಳಿ ಕಣ್ಣು ಬಿಡುವ ಅಪ್ಪ ಅಮ್ಮಂದಿರಿಗೂ ಉಪಯೋಗವಾದೀತು.

ಮೊದಲು ನಿಯಮ. ನಮಗೆಲ್ಲ ಗೊತ್ತಿರುವುದು ಐಪಿಎಲ್ ಹರಾಜು. ಹಣ ಇದ್ದವನು ಕೈ ಎತ್ತುತ್ತಾನೆ, ಆಟಗಾರ ಅವನ ಪಾಲಾಗುತ್ತಾನೆ. ಫೂಟಿಯಲ್ಲಿ ಹಾಗಲ್ಲ. ಒಂದು ಕ್ಲಬ್ ಇನ್ನೊಂದಕ್ಕೆ ದುಡ್ಡು ಕೊಟ್ಟು ಆಟಗಾರನನ್ನು ಕೊಳ್ಳುವ ಹಾಗಿಲ್ಲ. 1986ರಲ್ಲಿ ಡ್ರಾಫ್ಟ್ ಬಂತು, 1987ರಲ್ಲಿ ಸಂಬಳದ ಮಿತಿ ಬಂತು. ಡ್ರಾಫ್ಟ್ ಅಂದರೆ ಹೊಸ ಹುಡುಗರನ್ನು ಸರದಿಯಲ್ಲಿ ಆರಿಸಿಕೊಳ್ಳುವುದು. ಆ ವರ್ಷ ಕೊನೆಯ ಸ್ಥಾನದಲ್ಲಿದ್ದ ತಂಡಕ್ಕೆ ಮೊದಲ ಸರದಿ, ಚಾಂಪಿಯನ್ನರಿಗೆ ಕೊನೆಯ ಸರದಿ. ಈ ಸರದಿಯ ನಂಬರಿಗೆ ಪಿಕ್ ಅನ್ನುತ್ತಾರೆ, ಮತ್ತು ಪಿಕ್‌ಗಳೇ ಇಲ್ಲಿಯ ನಾಣ್ಯ. ಗ್ರ್ಯಾಂಡ್ ಫೈನಲ್ ಮುಗಿದ ಮೇಲೆ, ಅಕ್ಟೋಬರ್‌ನಲ್ಲಿ ಸ್ವಲ್ಪ ದಿನ ಸಂತೆ ನಡೆಯುತ್ತದೆ. ಆಟಗಾರನಿಗೆ ಬದಲು ಆಟಗಾರ, ಅಥವಾ ಆಟಗಾರನಿಗೆ ಬದಲು ಪಿಕ್.

2015ರಲ್ಲಿ ಬೇರೊಂದು ಕೆಲಸಕ್ಕಾಗಿ ಲೀಗ್‌ನವರು ಪಿಕ್‌ಗಳಿಗೆ ಬೆಲೆಪಟ್ಟಿಯನ್ನೂ ಮಾಡಿದರು. ಮೊದಲ ಪಿಕ್‌ಗೆ 3000 ಅಂಕ, ಆಮೇಲೆ ಇಳಿಯುತ್ತಾ ಹೋಗುತ್ತದೆ. ನಮ್ಮಂಥ ಇಂಜಿನಿಯರುಗಳ ಕೈಗೆ ಇಂಥ ಕೋಷ್ಟಕ ಸಿಕ್ಕರೆ ಕೇಳಬೇಕೆ! ನಮ್ಮ ಆಫೀಸಿನಲ್ಲಿ ಒಬ್ಬರು ಎಕ್ಸೆಲ್‌ನಲ್ಲಿ ಹಾಕಿಟ್ಟುಕೊಂಡು ಪ್ರತಿ ಟ್ರೇಡಿಗೂ ಲಾಭ ನಷ್ಟ ಲೆಕ್ಕ ಹಾಕುತ್ತಾರೆ.

ಆದರೆ ಟ್ರೇಡ್ ಅನ್ನುವುದು ಲೆಕ್ಕಕ್ಕಿಂತ ಹೆಚ್ಚಾಗಿ ನಮ್ಮ ಮದುವೆ ಮಾತುಕತೆಯ ಹಾಗೆ. ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು, ಜೊತೆಗೆ ಮದುವೆಯಾಗಬೇಕಾದವರು, ಮೂವರೂ ಒಪ್ಪಬೇಕು. ಆಟಗಾರನ ಒಪ್ಪಿಗೆ ಇಲ್ಲದೆ ಕಳಿಸುವ ಹಾಗಿಲ್ಲ. ಅವನು ಹೋಗುತ್ತೇನೆಂದರೂ ಎರಡು ಕ್ಲಬ್‌ಗಳು ಒಪ್ಪದಿದ್ದರೆ ಇಲ್ಲ. ಕೊನೆಯ ದಿನ ಗಡಿಯಾರ ಹೊಡೆದರೆ ಮುಗಿಯಿತು. ತಾಂಬೂಲ ಬದಲಾಯಿಸುವ ಹಂತದಲ್ಲಿ ಮುರಿದುಬಿದ್ದ ಸಂಬಂಧಗಳು ಎಷ್ಟೋ!

ಈಗ ಲೂಕ್ ಬಾಲ್ ಕಥೆ. 2001ರ ಡ್ರಾಫ್ಟಿನಲ್ಲಿ ಎರಡನೇ ಪಿಕ್ ಆಗಿ ಸೇಂಟ್ ಕಿಲ್ಡಾಗೆ ಬಂದವರು, ಹಿಂದೊಮ್ಮೆ ನಾಯಕರೂ ಆಗಿದ್ದವರು. 2009ರಲ್ಲಿ ಸೇಂಟ್ ಕಿಲ್ಡಾ ಲೀಗ್ ಹಂತದ 22 ಪಂದ್ಯಗಳಲ್ಲಿ 20 ಗೆದ್ದಿತ್ತು. ಆದರೂ ಬಾಲ್‌ಗೆ ಮೈದಾನದಲ್ಲಿ ಸಿಗುತ್ತಿದ್ದ ಸಮಯ ಕಡಿಮೆಯಾಗಿತ್ತು. ಗ್ರ್ಯಾಂಡ್ ಫೈನಲ್‌ನಲ್ಲಿ ಜಿಲಾಂಗ್ ಎದುರು 12 ಅಂಕಗಳಿಂದ ಸೋಲು. ಅದಾದ ಮೇಲೆ ಬಾಲ್, ಕಾಲಿಂಗ್‌ವುಡ್‌ಗೆ ಹೋಗುತ್ತೇನೆ ಅಂದರು. ಕಾಲಿಂಗ್‌ವುಡ್ ಕೊಡುತ್ತೇನೆ ಅಂದದ್ದು ಸೇಂಟ್ ಕಿಲ್ಡಾಗೆ ಸಾಲಲಿಲ್ಲ. ಕಾಲಿಂಗ್‌ವುಡ್‌ನ ಮೊದಲ ಸುತ್ತಿನ ಪಿಕ್ ಅದೇ ವಾರ ಡ್ಯಾರೆನ್ ಜಾಲಿಯನ್ನು ಸಿಡ್ನಿಯಿಂದ ತರಲು ಖರ್ಚಾಗಿತ್ತು. ಚೌಕಾಸಿ ನಡೆದೇ ನಡೆಯಿತು, ಗಡುವು ದಾಟಿತು, ಟ್ರೇಡ್ ಆಗಲಿಲ್ಲ.

ಬಾಲ್ ವಾಪಸ್ ಹೋಗಲಿಲ್ಲ. ಕರಾರು ಮುಗಿದಿತ್ತು, ಡ್ರಾಫ್ಟಿಗೆ ಹೆಸರು ಕೊಟ್ಟುಬಿಟ್ಟರು. ಅದು ಜೂಜು, ಯಾವ ಕ್ಲಬ್ ಬೇಕಾದರೂ ಆರಿಸಬಹುದು. ಒಂದೊಂದೇ ಸರದಿ ದಾಟಿ 30ನೇ ಪಿಕ್ ಬಂತು, ಕಾಲಿಂಗ್‌ವುಡ್ ಅವರ ಹೆಸರು ಕೂಗಿತು. ಸೇಂಟ್ ಕಿಲ್ಡಾಗೆ ಸಿಕ್ಕಿದ್ದು ಸೊನ್ನೆ.

ಮರುವರ್ಷ, 2010ರ ಗ್ರ್ಯಾಂಡ್ ಫೈನಲ್ ಯಾರ ಯಾರ ನಡುವೆ ಅಂತ ಈಗ ಊಹಿಸಿರುತ್ತೀರಿ! ಸೆಪ್ಟೆಂಬರ್ 25ರಂದು ಎಂಸಿಜಿಯಲ್ಲಿ ಕಾಲಿಂಗ್‌ವುಡ್ ಮತ್ತು ಸೇಂಟ್ ಕಿಲ್ಡಾ. ಇಲ್ಲಿ ಅಂಕದ ಬಗ್ಗೆ ಒಂದು ಮಾತು ಹೇಳಬೇಕು. ನಾಲ್ಕು ಕಂಬಗಳಿರುತ್ತವೆ. ನಡುವಿನ ಎರಡರ ಮಧ್ಯೆ ಒದ್ದರೆ ಗೋಲ್, 6 ಅಂಕ. ಪಕ್ಕದ ಸಂದಿಯಲ್ಲಿ ಹೋದರೆ ಬಿಹೈಂಡ್, ಒಂದೇ ಅಂಕ. ಕೊನೆಯ ನಿಮಿಷಗಳಲ್ಲಿ ಸೇಂಟ್ ಕಿಲ್ಡಾ ಒಂದು ಅಂಕ ಹಿಂದಿತ್ತು. ಲೆನ್ನಿ ಹೇಯ್ಸ್ ಉದ್ದಕ್ಕೆ ಒದ್ದ ಚೆಂಡು ಗೋಲಿನ ಹತ್ತಿರ ಬಿತ್ತು. ಸ್ಟೀಫನ್ ಮಿಲ್ನ್ ಅದರ ಹಿಂದೆ ಓಡುತ್ತಿದ್ದರು. ನೇರ ಪುಟಿದಿದ್ದರೆ ಕೈಗೇ ಬರುತ್ತಿತ್ತು. ಮೊಟ್ಟೆಯಾಕಾರದ ಚೆಂಡಲ್ಲವೆ, ಪಕ್ಕಕ್ಕೆ ಪುಟಿದು ಬಿಹೈಂಡ್ ಆಯಿತು. 68-68, ಟೈ. ಒಂದು ವಾರದ ನಂತರ ಮತ್ತೆ ಆಡಿಸಿದರು. ಕಾಲಿಂಗ್‌ವುಡ್ 56 ಅಂಕಗಳಿಂದ ಗೆದ್ದಿತು. ಕಪ್ಪು ಬಿಳುಪು ಪಟ್ಟೆಯ ಅಂಗಿ ತೊಟ್ಟು ಪದಕ ಹಾಕಿಸಿಕೊಂಡವರಲ್ಲಿ ಲೂಕ್ ಬಾಲ್ ಒಬ್ಬರು.

ಸೇಂಟ್ ಕಿಲ್ಡಾ ತನ್ನ ಇತಿಹಾಸದಲ್ಲಿ ಒಂದೇ ಒಂದು ಸಲ ಕಪ್ ಗೆದ್ದಿದೆ, 1966ರಲ್ಲಿ. ಆವತ್ತು ಎದುರಿಗಿದ್ದದ್ದೂ ಕಾಲಿಂಗ್‌ವುಡ್ಡೇ, ಗೆಲುವಿನ ಅಂತರ ಒಂದು ಅಂಕ. ಬ್ಯಾರಿ ಬ್ರೀನ್ ಒದ್ದ ಒಂದು ಬಿಹೈಂಡ್. ಪಕ್ಕದ ಮನೆಯ ಅಜ್ಜ ಆಗ ಪ್ರೈಮರಿ ಶಾಲೆಯ ಹುಡುಗ. 2025ರ ಸೀಸನ್ ಮುಗಿದರೂ ಎರಡನೆಯದು ಬಂದಿಲ್ಲ. ಹದಿನೆಂಟು ವರ್ಷ ಕಾದು 2025ರಲ್ಲಿ ಆರ್‌ಸಿಬಿ ಗೆದ್ದಾಗ ಕುಣಿದ ನಮಗೆ ಈ ನೋವನ್ನು ವಿವರಿಸಬೇಕಾಗಿಲ್ಲ.

ಈಗ ಅಜ್ಜನ ವಾದ ನೋಡಿ: "ಬಾಲ್‌ನನ್ನು ಉಳಿಸಿಕೊಂಡಿದ್ದರೆ, ಇಲ್ಲವೇ ಬದಲಿಗೆ ಏನಾದರೂ ಪಡೆದಿದ್ದರೆ, ನಾವು 2010 ಗೆಲ್ಲುತ್ತಿದ್ದೆವು." ನಮ್ಮಲ್ಲಿ ಅತ್ತೆಗೆ ಮೀಸೆ ಬಂದರೆ ಅನ್ನುತ್ತಾರಲ್ಲ, ಹಾಗೆ. ಕನ್ನಡದ ಈ ‘ರೆ’ ಭಾರಿ ಅಕ್ಷರ. ಬಂದಿದ್ದರೆ, ಉಳಿದಿದ್ದರೆ, ಪುಟಿದಿದ್ದರೆ! ಅಜ್ಜನ ವಾದಕ್ಕೆ ನನ್ನ ತಕರಾರು ಇಷ್ಟೇ. ಅದೇ ಚೆಂಡು ಮಿಲ್ನ್ ಕೈಗೆ ನೇರವಾಗಿ ಪುಟಿದಿದ್ದರೆ ಕಪ್ ಬಹುಶಃ ಸೇಂಟ್ ಕಿಲ್ಡಾದ್ದು. ಆಗ ಇದೇ ಜನ, "ಬಾಲ್ ಹೋದದ್ದೇ ಒಳ್ಳೆಯದಾಯಿತು, ಪುಡಿಗಾಸಿಗೆ ಕೊಡದೆ ಗಟ್ಟಿಯಾಗಿ ನಿಂತೆವು" ಅಂತ ಹೊಗಳುತ್ತಿದ್ದರು. ಮಾತುಕತೆಯ ಮೇಜಿನಲ್ಲಿ ಆದದ್ದು ಒಂದಕ್ಷರವೂ ಬದಲಾಗುತ್ತಿರಲಿಲ್ಲ. ಹನ್ನೊಂದು ತಿಂಗಳ ನಂತರ ಒಂದು ಚೆಂಡು ಯಾವ ಕಡೆ ಪುಟಿಯಿತು ಅನ್ನುವುದರ ಮೇಲೆ ಆ ನಿರ್ಧಾರ ಜಾಣತನವೋ ದಡ್ಡತನವೋ ಆಗಿಬಿಡುತ್ತದೆ.

ನಾವು ಪ್ರೋಗ್ರಾಮಿನಲ್ಲಿ ಬಗ್ ಹುಡುಕುವಾಗ ಒಂದು ಸಾಲು ಬದಲಿಸಿ, ಉಳಿದದ್ದನ್ನೆಲ್ಲ ಹಾಗೇ ಇಟ್ಟು ಮತ್ತೆ ಓಡಿಸುತ್ತೇವೆ. ಅಭಿಮಾನಿಗಳೂ ಅದನ್ನೇ ಮಾಡುವುದು. ಒಬ್ಬ ಆಟಗಾರನನ್ನು ಮಾತ್ರ ಆ ತಂಡದಿಂದ ಈ ತಂಡಕ್ಕೆ ಎತ್ತಿಡುತ್ತಾರೆ. ಆದರೆ ಅವನ ಜಾಗದಲ್ಲಿ ಆಡಿದ ಹುಡುಗ, ಅವನಿಗೆ ಕೊಡಬೇಕಾದ ಸಂಬಳ, ಕೋಚ್‌ನ ಯೋಜನೆ, ಎಲ್ಲವೂ ಜೊತೆಯಲ್ಲೇ ಬದಲಾಗುತ್ತವೆ. ನಿಕ್ ಸ್ಟೀವನ್ಸ್ ಅವರನ್ನೇ ನೋಡಿ. 2003ರ ಕೊನೆಯಲ್ಲಿ ಪೋರ್ಟ್ ಅಡಿಲೇಡ್ ಬಿಟ್ಟು ಕಾಲಿಂಗ್‌ವುಡ್ ಸೇರಬೇಕೆಂದಿದ್ದರು. ಒಪ್ಪಂದ ಆಗಲಿಲ್ಲ, ಡ್ರಾಫ್ಟಿನ ಮೂಲಕ ಕಾರ್ಲ್‌ಟನ್‌ಗೆ ಹೋದರು. ಪೋರ್ಟ್‌ಗೂ ಸೊನ್ನೆಯೇ ಸಿಕ್ಕಿದ್ದು. ಆದರೆ 2004ರಲ್ಲಿ ಪೋರ್ಟ್ ಕಪ್ ಗೆದ್ದಿತು! ಹಾಗಾಗಿ ಆ ಊರಿನಲ್ಲಿ ಯಾರೂ ಸ್ಟೀವನ್ಸ್ ಹೆಸರು ಹೇಳಿ ನಿಟ್ಟುಸಿರು ಬಿಡುವುದಿಲ್ಲ.

ಅಡಿಲೇಡ್‌ನ ಇನ್ನೊಂದು ತಂಡದವರ ನಿಟ್ಟುಸಿರು ಬೇರೆ. 2016ರಲ್ಲಿ ಕಾರ್ಲ್‌ಟನ್‌ನ ಬ್ರೈಸ್ ಗಿಬ್ಸ್ ಅಡಿಲೇಡ್ ಕ್ರೋಸ್ ಸೇರಲು ಬಯಸಿದರು, ಬೆಲೆ ಹೊಂದಲಿಲ್ಲ. 2017ರಲ್ಲಿ ಕ್ರೋಸ್ ಗ್ರ್ಯಾಂಡ್ ಫೈನಲ್ ತಲುಪಿ ರಿಚ್ಮಂಡ್ ಎದುರು 48 ಅಂಕಗಳಿಂದ ಸೋತರು. "ಗಿಬ್ಸ್ ಇದ್ದಿದ್ದರೆ..." ಅಂತ ಶುರುವಾಯಿತು. ಆ ಅಕ್ಟೋಬರ್‌ನಲ್ಲೇ 10 ಮತ್ತು 16ನೇ ಪಿಕ್ ಸೇರಿಸಿ ಕೊಟ್ಟು ಗಿಬ್ಸ್‌ರನ್ನು ತಂದೂ ತಂದರು. 2018ರಲ್ಲಿ ಫೈನಲ್ಸ್‌ಗೇ ಹೋಗಲಿಲ್ಲ. 2020ರಲ್ಲಿ ತಂಡ ಮೊದಲ ಬಾರಿಗೆ ಕೊನೆಯ ಸ್ಥಾನಕ್ಕೆ ಬಿತ್ತು. ಗಿಬ್ಸ್ ಆ ವರ್ಷವೇ ನಿವೃತ್ತರಾದರು. ತಪ್ಪು ಅವರದ್ದಲ್ಲ. 48 ಅಂಕದ ಅಂತರವನ್ನು ಒಬ್ಬ ಮನುಷ್ಯ ತುಂಬಿಕೊಡುತ್ತಾನೆ ಅಂದುಕೊಂಡದ್ದು ತಪ್ಪು.

ನನಗೆ ಅತ್ಯಂತ ಸ್ವಾರಸ್ಯ ಅನ್ನಿಸಿದ್ದು 2019ರ ಸರಪಳಿ. ಎಸೆಂಡನ್‌ನ ಜೋ ಡ್ಯಾನಿಹರ್‌ಗೆ ಸಿಡ್ನಿಗೆ ಹೋಗುವ ಆಸೆ. ಅವರ ಅಪ್ಪ, ಮೂವರು ಚಿಕ್ಕಪ್ಪ ದೊಡ್ಡಪ್ಪಂದಿರು ಎಲ್ಲರೂ ಎಸೆಂಡನ್‌ಗೆ ಆಡಿದವರು, 1990ರಲ್ಲಿ ನಾಲ್ವರು ಅಣ್ಣತಮ್ಮಂದಿರೂ ಒಂದೇ ಪಂದ್ಯದಲ್ಲಿ ಇಳಿದಿದ್ದರು. ಅಂಥ ಮನೆಯ ಹುಡುಗ ಬಿಟ್ಟು ಹೋಗುತ್ತೇನೆ ಅಂದರೆ ಊರೆಲ್ಲ ಗುಲ್ಲಾಗದೆ ಇರುತ್ತದೆಯೆ? ಅದೇ ಹೊತ್ತಿಗೆ ಸಿಡ್ನಿಯ ಟಾಮ್ ಪ್ಯಾಪ್ಲಿಗೆ ಕಾರ್ಲ್‌ಟನ್ ಸೇರುವ ಆಸೆ. ಪ್ಯಾಪ್ಲಿಗೆ ಕಾರ್ಲ್‌ಟನ್ ಕೊಡುವ ಪಿಕ್ ಕೈಗೆ ಬಂದರೆ ಸಿಡ್ನಿ ಅದನ್ನು ಎಸೆಂಡನ್‌ಗೆ ದಾಟಿಸಬಹುದು. ಆದರೆ ಡ್ಯಾನಿಹರ್ ಬರುವುದು ಖಾತ್ರಿಯಾಗದೆ ಪ್ಯಾಪ್ಲಿಯನ್ನು ಸಿಡ್ನಿ ಬಿಡುವುದಿಲ್ಲ. ಎಸೆಂಡನ್‌ಗೋ, ಇನ್ನೂ ಒಂದು ವರ್ಷ ಕರಾರಿದೆ, ಅವಸರವೇ ಇಲ್ಲ. ನಮ್ಮ ವೃತ್ತಿಯಲ್ಲಿ ಇದಕ್ಕೆ ಡೆಡ್‌ಲಾಕ್ ಅನ್ನುತ್ತೇವೆ. ಅವನು ಬಿಟ್ಟರೆ ಇವನು ಬಿಡುತ್ತಾನೆ, ಯಾರೂ ಮೊದಲು ಬಿಡುವುದಿಲ್ಲ. ಗಡುವು ಮುಗಿಯಿತು. ಇಬ್ಬರೂ ಇದ್ದಲ್ಲೇ ಉಳಿದರು.

ಮರುವರ್ಷ ಕರಾರು ಮುಗಿದಾಗ ಡ್ಯಾನಿಹರ್ ಫ್ರೀ ಏಜೆಂಟ್ ಆಗಿ ಬ್ರಿಸ್ಬೇನ್‌ಗೆ ಹೋದರು. ಎಸೆಂಡನ್‌ಗೆ ಪರಿಹಾರವಾಗಿ 7ನೇ ಪಿಕ್ ಸಿಕ್ಕಿತು. ಪ್ಯಾಪ್ಲಿ ಸಿಡ್ನಿಯಲ್ಲೇ ಬೇರು ಬಿಟ್ಟರು. 2024ರ ಗ್ರ್ಯಾಂಡ್ ಫೈನಲ್: ಬ್ರಿಸ್ಬೇನ್ 120, ಸಿಡ್ನಿ 60. ಗೆದ್ದವರ ಕಡೆ ಡ್ಯಾನಿಹರ್, ಸೋತವರ ಕಡೆ ಪ್ಯಾಪ್ಲಿ. ಪದಕ ಕೊರಳಲ್ಲಿರುವಾಗಲೇ ಆ ವಾರ ಡ್ಯಾನಿಹರ್ ಆಟಕ್ಕೆ ವಿದಾಯ ಹೇಳಿದರು. 2019ರಲ್ಲಿ ಆ ಟ್ರೇಡ್ ಆಗಿದ್ದರೆ? ಉತ್ತರ ಗೊತ್ತಿದೆ ಅನ್ನುವವರಿಗೆ ದೂರದಿಂದಲೇ ನಮಸ್ಕಾರ.

ನಮ್ಮ ಮನೆಯಲ್ಲೂ ಇಂಥದ್ದೊಂದು ಆಗದ ಟ್ರೇಡ್ ಇದೆ, ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಕಂಪನಿಯಿಂದ ಆಫರ್ ಬಂದಿತ್ತು. ಅಪ್ಪ ಅಮ್ಮನ ಮನೆಯಿಂದ ಅರ್ಧ ಗಂಟೆ. ಮಗಳ ಶಾಲೆ, ಸಂಬಳ, ಅದು ಇದು ಅಂತ ಎಳೆದಾಡಿ ಬೇಡ ಅಂದೆವು. ಮುಂದಿನ ವರ್ಷ ಅಪ್ಪ ತೀರಿಕೊಂಡರು. ನಾನು ತಲುಪಿದಾಗ ಎಲ್ಲ ಮುಗಿದಿತ್ತು. ರಾತ್ರಿ ಹೊತ್ತು ನಾನೂ ಒಂದು ಸಾಲು ಬದಲಿಸಿ ಓಡಿಸುತ್ತೇನೆ: ಹೋಗಿದ್ದಿದ್ದರೆ? ನನ್ನ ಹೆಂಡತಿ ಹೇಳುತ್ತಾಳೆ, "ಹೋಗಿದ್ದಿದ್ರೆ ಆ ಸಂಜೆ ನೀವು ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಿಕ್ಕಾಕೊಂಡಿರ್ತಿದ್ರಿ." ಸಮಾಧಾನಕ್ಕೆ ಹೇಳುವುದಿರಬಹುದು. ಆದರೆ ಅವಳು ಬದಲಿಸುವ ಸಾಲುಗಳು ನನಗಿಂತ ಹೆಚ್ಚು ಅನ್ನುವುದಂತೂ ನಿಜ.

ಇರಲಿ. ಟ್ರೇಡ್ ಮುರಿದಾಗ ಅಭಿಮಾನಿಗಳಿಗಿಂತ ಕಷ್ಟ ಆಟಗಾರನಿಗೆ. ಬಿಟ್ಟು ಹೋಗುತ್ತೇನೆ ಅಂತ ಬಾಯಿಬಿಟ್ಟು ಹೇಳಿದವನು ಮತ್ತೆ ಅದೇ ಡ್ರೆಸ್ಸಿಂಗ್ ರೂಮಿಗೆ, ಅದೇ ಮುಖಗಳ ಮುಂದೆ ಹೋಗಿ ಕೂರಬೇಕು. 2025ರ ಅಕ್ಟೋಬರ್‌ನಲ್ಲಿ ಎಸೆಂಡನ್‌ನ ಜ್ಯಾಕ್ ಮೆರೆಟ್‌ಗೆ ಆದದ್ದು ಅದೇ. ತಂಡದ ನಾಯಕರಾಗಿದ್ದವರೇ ಹಾಥಾರ್ನ್‌ಗೆ ಕಳಿಸಿ ಅಂದರು, ಕೊನೆಯ ದಿನದವರೆಗೂ ಮಾತು ನಡೆಯಿತು, ಎಸೆಂಡನ್ ಒಪ್ಪಲಿಲ್ಲ. ಆ ಸಂಜೆ ನಮ್ಮ ಅಜ್ಜ ಬೇಲಿಯ ಬಳಿ ಬಂದು, "ನೋಡ್ತಿರು, ಲೂಕ್ ಬಾಲ್ ಕಥೆಯೇ ಇದು" ಅಂತ ಶುರು ಮಾಡಿದರು.

ಮಗಳು ಮಫ್ಲರ್ ಸುತ್ತಿಕೊಂಡು ನಿಂತಿದ್ದಳು. "ತಾತ, ಲೂಕ್ ಬಾಲ್ ನಿಮ್ಮ ಟೀಮಲ್ಲೇ ಇದ್ದಿದ್ರೆ ನಿಜವಾಗ್ಲೂ ಗೆಲ್ತಿದ್ರಾ?" ಅಂತ ಕೇಳಿಯೇಬಿಟ್ಟಳು.

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. "2009ರಲ್ಲಿ ನಮ್ಮ ಟೀಮಲ್ಲೇ ಇದ್ದನಲ್ಲ ಮರಿ," ಅಂದರು. "12 ಅಂಕದಿಂದ ಸೋತ್ವಿ."