ನಿರ್ದೇಶಕರಿಗೆ ತಮ್ಮದೇ ದನಿ ಮರಳಿ ಕೇಳುತ್ತಿದ್ದರೆ

ಮನೆಯಲ್ಲಿ ದನಿ ಮುದ್ರಿಸುವಾಗ ಕರೆಯಲ್ಲಿರುವ ನಿರ್ದೇಶಕರಿಗೆ ಹೀಗಾದರೆ ನಿಮ್ಮ ಮೈಕ್ ಕೆಟ್ಟಿಲ್ಲ, ಧೈರ್ಯವಾಗಿರಿ. ಸಾಮಾನ್ಯವಾಗಿ ನಿರ್ದೇಶಕರ ಮಾತನ್ನೂ ಸೇರಿಸಿ ಇಡೀ ಮಿಕ್ಸ್ ಅನ್ನು ನೀವು ಕರೆಗೆ ವಾಪಸ್ ಕಳಿಸುತ್ತಿರುತ್ತೀರಿ, ಅಷ್ಟೇ. ಆಡಿಯೊ ಇಂಟರ್‌ಫೇಸಿನ ಲೂಪ್‌ಬ್ಯಾಕ್ (ಕಂಪ್ಯೂಟರಿನ ದನಿಯನ್ನು ಮತ್ತೆ ಒಳಗೆ ಕಳಿಸುವ ಸೌಲಭ್ಯ) ಆನ್ ಇದ್ದರೆ ಮೊದಲು ಅದನ್ನು ಆಫ್ ಮಾಡಿ.

ನಾನು ಹೇಳುವ ದಾರಿ ಹಳೆಯದು, ಆದರೆ ಗಟ್ಟಿ. ಕರೆಗೆ ಬೇರೆ ಫೋನ್ ಇಡಿ. ಪುಟ್ಟ ಮಿಕ್ಸರಿನ ಆಕ್ಸ್ ಔಟ್‌ಪುಟ್ ಫೋನಿಗೆ ಹೋಗಲಿ, ಫೋನಿನ ದನಿ ಮಿಕ್ಸರಿನ ಒಂದು ಚಾನೆಲ್‌ಗೆ ಬರಲಿ. ಆ ಚಾನೆಲ್ಲಿನ ಆಕ್ಸ್ ಗುಂಡಿ ಮಾತ್ರ ಸೊನ್ನೆಯಲ್ಲಿರಬೇಕು. ಆಗ ನಿರ್ದೇಶಕರಿಗೆ ಅವರ ದನಿಯೊಂದನ್ನು ಬಿಟ್ಟು ಉಳಿದದ್ದು ಹೋಗುತ್ತದೆ; ಇದೇ ಮಿಕ್ಸ್-ಮೈನಸ್. ಕಂಪ್ಯೂಟರಿನಲ್ಲಿ ಮೈಕ್ ಒಂದನ್ನೇ 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲಾಗಿ ಮುದ್ರಿಸಿ. ಕರೆಯ ಗುಣಮಟ್ಟ ಕಡಿಮೆಯಾದರೂ ಚಿಂತೆಯಿಲ್ಲ, ಅದು ನಿರ್ದೇಶನಕ್ಕೆ ಮಾತ್ರ. ಹೆಡ್‌ಫೋನ್ ಕಿವಿ ಪೂರ್ತಿ ಮುಚ್ಚುವಂಥದ್ದಾಗಿರಲಿ. ಇಲ್ಲವಾದರೆ ನಿರ್ದೇಶಕರ ಮಾತು ಮೈಕಿಗೆ ಸೋರುತ್ತದೆ.

ಮುದ್ರಿಸುವ ಕೋಣೆಯನ್ನೂ ನೋಡಿಕೊಳ್ಳಿ. ಬೆಂಗಳೂರಿನ ಬಸವನಗುಡಿಯ ಹಳೆಯ ಮನೆಯ ಎತ್ತರದ ಚಾವಣಿ, ರೆಡ್ ಆಕ್ಸೈಡ್ ನೆಲ ಕಣ್ಣಿಗೆ ಚೆಂದ, ಮೈಕಿಗೆ ಶತ್ರು. ರಸ್ತೆಯ ಕಡೆಯ ಕೋಣೆ ಬಿಟ್ಟು ಒಳಗಿನ ಉಗ್ರಾಣ ಆರಿಸಿಕೊಳ್ಳಿ, ಮೂರು ಕಡೆ ದಪ್ಪ ರಜಾಯಿ ತೂಗುಹಾಕಿ. ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆ ಎಂಬ ಜಾತ್ರೆಯ ಗದ್ದಲದ ಆಸುಪಾಸಿನ ದಿನಗಳಲ್ಲಿ ಬುಲ್ ಟೆಂಪಲ್ ರಸ್ತೆಯ ಬಳಿ ಕೆಲಸ ಒಪ್ಪಿಕೊಳ್ಳಲೇಬೇಡಿ.

ಸೆಷನ್‌ನ ಹಿಂದಿನ ದಿನ ಗೆಳೆಯರೊಬ್ಬರಿಗೆ ಇದೇ ಜೋಡಣೆಯಲ್ಲಿ ಕರೆಮಾಡಿ ಪರೀಕ್ಷಿಸಿ.